ಕರ್ನಲ್ ಒಳಗೆ ನನ್ನ ಮೊದಲ ನಮಸ್ಕಾರ

ನಿನ್ನೆ ರಾತ್ರಿ ತುಮಕೂರಿನ ಕ್ಯಾತಸಂದ್ರದ ನಮ್ಮ ಮನೆಯಲ್ಲಿ ಕೂತು, ನಾನೇ ಬರೆದ ಕೋಡನ್ನು ಮೊದಲ ಸಲ ಲಿನಕ್ಸ್ ಕರ್ನಲ್ ಒಳಗೆ, ಅಂದ್ರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನೊಳಗೆ, ಕಳಿಸಿದೆ. ಇಪ್ಪತ್ತು ಸಾಲೂ ಇಲ್ಲ. ಆದರೂ ಖುಷಿ ಇನ್ನೂ ಇಳಿದಿಲ್ಲ.

ಮಾಡ್ಯೂಲ್ ಅಂದ್ರೆ ಓಡ್ತಿರೋ ಕರ್ನಲ್‌ಗೆ ರೀಬೂಟ್ ಮಾಡದೇ ಸೇರಿಸಬಹುದಾದ, ಬೇಡ ಅಂದಾಗ ತೆಗೆಯಬಹುದಾದ ತುಂಡು. ಸಾಮಾನ್ಯ ಸಿ ಪ್ರೋಗ್ರಾಮ್ ಶುರುವಾಗೋ ಮೇನ್ ಫಂಕ್ಷನ್ ಇದರಲ್ಲಿ ಇರಲ್ಲ. ಒಳಗೆ ಹೋಗುವಾಗ ಒಂದು ಫಂಕ್ಷನ್, ಹೊರಗೆ ಬರುವಾಗ ಇನ್ನೊಂದು. ಸಿ ಲೈಬ್ರರಿ ಅಲ್ಲಿಲ್ಲ, ಹಾಗಾಗಿ ಸಂದೇಶ ಬರೆಸೋಕೆ ಪ್ರಿಂಟ್ಎಫ್ ಬದಲು ಕರ್ನಲ್‌ನದ್ದೇ ಆದ ಪ್ರಿಂಟ್‌ಕೆ. ಇಲ್ಲಿ ತಪ್ಪಿದರೆ ಇಡೀ ಮೆಷಿನ್ನೇ ನಿಂತುಬಿಡಬಹುದು ಅಂತ, ಕಂಪ್ಯೂಟರ್ ಒಳಗೇ ಓಡೋ ನಕಲಿ ಕಂಪ್ಯೂಟರ್ ಆದ ವರ್ಚುವಲ್ ಮೆಷಿನ್‌ನಲ್ಲಿ ಮಾಡಿದೆ. ನೀವೂ ಹಾಗೇ ಮಾಡಿ.

ಕೋಡನ್ನು ಕಟ್ಟೋಕೆ ಮೇಕ್ ಅಂತ ಕಮ್ಯಾಂಡ್ ಕೊಟ್ಟ ತಕ್ಷಣ ಎರರ್. ಹೇಗೆ ಕಟ್ಟಬೇಕು ಅಂತ ಹೇಳೋ ಮೇಕ್‌ಫೈಲ್‌ನಲ್ಲಿ ಕಮ್ಯಾಂಡ್ ಸಾಲಿನ ಮುಂದೆ ಟ್ಯಾಬ್ ಇರಬೇಕು, ಕಾಪಿ ಮಾಡುವಾಗ ಅದು ಸ್ಪೇಸ್ ಆಗಿಬಿಟ್ಟಿತ್ತು. ಆಮೇಲೆ ಹೆಡರ್‌ಗಳು, ಅಂದ್ರೆ ಕರ್ನಲ್‌ನ ಫಂಕ್ಷನ್‌ಗಳ ವಿವರ ಇರೋ ಫೈಲ್‌ಗಳು, ಇಲ್ಲ ಅಂತು. ಈಗ ಓಡ್ತಿರೋ ಕರ್ನಲ್ ಯಾವ ವರ್ಷನ್ನೋ ಅದರದ್ದೇ ಹೆಡರ್ ಬೇಕು, ಬೇರೆ ವರ್ಷನ್‌ಗೆ ಕಟ್ಟಿದ ಮಾಡ್ಯೂಲನ್ನು ಕರ್ನಲ್ ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳಲ್ಲ. ಅದನ್ನೂ ಹಾಕಿದೆ. ಕೊನೆಗೆ ಕೆಒ ಫೈಲ್, ಅಂದ್ರೆ ಸಿದ್ಧವಾದ ಮಾಡ್ಯೂಲ್, ಬಂತು.

ಇನ್ಸ್‌ಮಾಡ್ ಕೊಟ್ಟೆ. ಮಾಡ್ಯೂಲನ್ನು ಒಳಗೆ ಸೇರಿಸೋ ಕಮ್ಯಾಂಡ್ ಅದು. ಏನೂ ಹೇಳಲಿಲ್ಲ, ಪ್ರಾಂಪ್ಟ್ ಸುಮ್ನೆ ವಾಪಸ್ ಬಂತು. ಒಳಗಿರೋ ಮಾಡ್ಯೂಲ್‌ಗಳನ್ನು ತೋರಿಸೋ ಎಲ್ಎಸ್‌ಮಾಡ್ ಪಟ್ಟಿಯಲ್ಲಿ ಮೊದಲ ಹೆಸರೇ ನನ್ನದು. ಆದರೆ ಕರ್ನಲ್ ಸಂದೇಶಗಳನ್ನು ತೋರಿಸೋ ಡಿಮೆಸ್ಗ್ ನೋಡಿದರೆ, ಹೊರಗಿನ ಮಾಡ್ಯೂಲ್ ಸೇರಿದೆ, ಕರ್ನಲ್ ಟೇಂಟ್ ಆಗಿದೆ ಅನ್ನೋ ಒಂದು ಸಾಲು ಮಾತ್ರ. ಅದರಿಂದ ಹೆದರೋದೇನಿಲ್ಲ. ಮುಂದೆ ಏನಾದರೂ ಕೆಟ್ಟರೆ ಹುಡುಕೋರಿಗೆ ಗೊತ್ತಾಗಲಿ ಅಂತ ಇಡೋ ಗುರುತು ಅದು. ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ "ನಮಸ್ಕಾರ ತುಮಕೂರು" ಎಲ್ಲಿ?

ಕೋಡ್ ಮೂರು ಸಲ ಓದಿದೆ. ಅಮ್ಮ ಬಾಗಿಲಲ್ಲಿ ನಿಂತು "ಲೈಟ್ ಆರಿಸಿ ಮಲ್ಕೊಳೋ, ಹನ್ನೆರಡಾಯ್ತು" ಅಂದ್ರು. ಐದೇ ನಿಮಿಷ ಅಮ್ಮ ಅಂದು, ಬೇರೆ ದಾರಿ ಕಾಣದೆ ಆರ್‌ಎಂಮಾಡ್ ಕೊಟ್ಟು ಮಾಡ್ಯೂಲ್ ತೆಗೆದೆ. ಮತ್ತೆ ಡಿಮೆಸ್ಗ್ ನೋಡಿದ್ರೆ ನನ್ನ ಎರಡೂ ಸಾಲು, ಒಳಗೆ ಹೋಗುವಾಗಿನದು, ಹೊರಗೆ ಬರುವಾಗಿನದು, ಒಟ್ಟಿಗೆ ಬಂದಿವೆ! ನಮಸ್ಕಾರ, ಅದರ ಕೆಳಗೆ ಹೋಗಿಬರ್ತೀನಿ.

ಸಾಲಿನ ಎಡಗಡೆ ಬೂಟ್ ಆದಾಗಿನಿಂದ ಎಷ್ಟು ಸೆಕೆಂಡ್ ಅಂತ ಇರುತ್ತಲ್ವಾ, ಅದನ್ನು ನೋಡಿದಾಗಲೇ ಹೊಳೆದದ್ದು. ನಮಸ್ಕಾರದ ಪಕ್ಕ ಇದ್ದದ್ದು ಇನ್ಸ್‌ಮಾಡ್ ಕೊಟ್ಟಾಗಿನ ಸಮಯ, ಅಂದರೆ ಹತ್ತಿರ ಹತ್ತಿರ ಆರು ನಿಮಿಷ ಹಿಂದಿನದು. ಫಂಕ್ಷನ್ ಸರಿಯಾಗಿಯೇ ಓಡಿತ್ತು. ನಾನು ಆ ಸಾಲಿನ ಕೊನೆಗೆ, ಸಾಲು ಮುಗೀತು ಅಂತ ಹೇಳೋ ಬ್ಯಾಕ್‌ಸ್ಲ್ಯಾಶ್ ಎನ್ ಹಾಕಿರಲಿಲ್ಲ, ಎರಡನೇದಕ್ಕೆ ಹಾಕಿದ್ದೆ. ಸಾಲು ಮುಗಿದಿಲ್ಲ, ಇನ್ನೂ ಏನೋ ಬರುತ್ತೆ ಅಂತ ಕರ್ನಲ್ ಅದನ್ನು ಹಿಡಿದಿಟ್ಟುಕೊಂಡು ಕಾಯ್ತಿತ್ತು, ಮುಂದಿನ ಸಂದೇಶ ಬಂದ ಮೇಲೆಯೇ ಬಿಟ್ಟುಕೊಟ್ಟಿತು. ಮೊದಲ ಸಲ ಮಾಡ್ತಿರೋರಿಗೆ ಸಂದೇಶ ಕಾಣಿಸದಿದ್ರೆ ಮೊದಲು ಇದನ್ನೇ ನೋಡಿ, ಬೇರೆಲ್ಲ ಆಮೇಲೆ.

ಆ ಎರಡು ಅಕ್ಷರ ಸೇರಿಸಿ, ಮತ್ತೆ ಮೇಕ್ ಮಾಡಿ, ಮತ್ತೆ ಇನ್ಸ್‌ಮಾಡ್ ಕೊಟ್ಟೆ. ಪಕ್ಕದ ಕಿಟಕಿಯಲ್ಲಿ ಡಿಮೆಸ್ಗ್ ತೆರೆದೇ ಇಟ್ಟಿದ್ದೆ. ಎಂಟರ್ ಒತ್ತಿದ್ದೇ ತಡ, "ನಮಸ್ಕಾರ ತುಮಕೂರು" ಬಂದು ಕೂತಿತು. ಆಮೇಲೆ ಲೈಟ್ ಆರಿಸಿದೆ.