ಮೆಣಸಿನಕಾಯಿ ಅಳದು ಕಲಿತ ಸರಾಸರಿ

ಹತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರದ ಪಾಠ ಅಂದ್ರ ಮಕ್ಕಳಿಗೆ ಸುಲಭದ ಮಾರ್ಕ್ಸು. ಸರಾಸರಿ ತಗಿಯಾಕ ನೇರ ವಿಧಾನ, ಅಂದಾಜು ಸರಾಸರಿ ವಿಧಾನ, ಹಂತ ವಿಚಲನ ವಿಧಾನ, ಯಾವುದ ಕೊಟ್ರೂ ಟೇಬಲ್ ಹಾಕಿ ಉತ್ತರ ತಗೀತಾರ, ಓಜೀವ್ (ಕೂಡಿಸ್ತಾ ಹೋದ ಎಣಿಕಿ ತೋರಸೂ ಗೆರಿ) ತಗೀರಿ ಅಂದ್ರ ಪೆನ್ಸಿಲ್ ಚೂಪು ಮಾಡ್ಕೊಂಡು ಚಂದಂಗೆ ತಗೀತಾರ. ಆದ್ರ ಬಂದ ಸರಾಸರಿ ಏನ್ ಹೇಳಾಕತ್ತೈತಿ ಅಂತ ಕೇಳಿದ್ರ ಕ್ಲಾಸಿಗೆ ಕ್ಲಾಸ ಸುಮ್ಮನ ಕುಂದರ್ತೈತಿ. ನಾ ಗದಗ ಜಿಲ್ಲಾದಾಗ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಾಕಿ, ನನಗ ಇದರ ಕಾರಣ ಒಂದ ಕಾಣ್ತೈತಿ. ಪುಸ್ತಕದಾಗಿನ ಡಾಟಾ ಮೊದಲ ಹಸನ ಮಾಡಿ ಇಟ್ಟದ್ದು, ವರ್ಗಾಂತರ ಹಾಕಿ (ಸಂಖ್ಯೆಗಳನ್ನ ಗುಂಪು ಮಾಡಿ), ಆವೃತ್ತಿ ಎಣಿಸಿ (ಯಾವ ಗುಂಪಿನ್ಯಾಗ ಎಷ್ಟು ಅಂತ), ಲೆಕ್ಕ ಮಾಡೂದೊಂದ ಉಳಿಸಿ ಕೊಟ್ಟಿರ್ತಾರ. ಸಂಖ್ಯಾಶಾಸ್ತ್ರದ ಜೀವ ಇರೂದು ಅದಕ್ಕಿಂತ ಮುಂಚಿನ ಗದ್ದಲದಾಗ, ಏನ್ ಅಳೀಬೇಕು, ಎಲ್ಲಿಂದ ಎಲ್ಲಿಗೆ ಅಳೀಬೇಕು, ಯಾವುದನ್ನ ಆರಿಸ್ಬೇಕು ಅನ್ನೂದ್ರಾಗ. ಆ ಗದ್ದಲ ಮಕ್ಕಳ ಕೈಯಾಗ ಕೊಡಬೇಕು ಅನ್ನೂದು ನನ್ನ ಹಟ.

ಅದಕ್ಕ ನಾ ತರೂದು ಬ್ಯಾಡಗಿ ಮೆಣಸಿನಕಾಯಿ. ಡಬ್ಬಿ ಅನ್ನೂ ಜಾತಿ ಒಂದಿಷ್ಟು, ಕಡ್ಡಿ ಅನ್ನೂ ಜಾತಿ ಒಂದಿಷ್ಟು, ಎರಡೂ ಕಲಸಿ ಒಂದ ಚೀಲದಾಗ ಹಾಕಿ ತರ್ತೀನಿ, ಕಲಸೀನಿ ಅಂತ ಮಾತ್ರ ಹೇಳೂದಿಲ್ಲ. ಗುಂಪಿಗೆ 20 ಕಾಯಿ, ಒಂದು ಸ್ಕೇಲು, ಉದ್ದ ಅಳದು ಬರೀರಿ ಅಂತೀನಿ, ಅಷ್ಟ. ಎರಡು ನಿಮಿಷದಾಗ ಜಗಳ ಶುರು ಆಗ್ತೈತಿ. ತೊಟ್ಟು ಸೇರಿಸಿ ಅಳೀಬೇಕೋ ಬಿಟ್ಟು ಅಳೀಬೇಕೋ? ಕಾಯಿ ಸೊಟ್ಟ ಇದ್ರ? ಒಬ್ಬಾಕಿ ಹೂವಿನ ಮಾಲಿ ಕಟ್ಟೂ ದಾರ ತಂದು ಕಾಯಿಯ ಬೆನ್ನಗುಂಟ ಹಿಡದು, ಆಮ್ಯಾಲ ದಾರಾನ ಸ್ಕೇಲಿನ ಮ್ಯಾಲಿಟ್ಟು ಅಳದ್ಲು, ಬಾಜು ಗುಂಪಿನ ಹುಡುಗ ಅದೇ ಕಾಯಿನ ತುದಿಯಿಂದ ತುದಿಗೆ ನೆಟ್ಟಗ ಅಳದು 2 ಸೆಂಟಿಮೀಟರ್ ಕಡಿಮಿ ಬರದ. ಇಬ್ರೂ ಅಳದದ್ದು ಒಂದ ಕಾಯಿ! ನಾ ನಡಬರಕ ಹೋಗೂದಿಲ್ಲ. ಅವರ ಕೂತು ಒಂದು ನಿಯಮ ಮಾಡ್ಕೋತಾರ, ತೊಟ್ಟು ಬಿಟ್ಟು, ದಾರದಿಂದ, ಅರ್ಧ ಸೆಂಟಿಮೀಟರಿಗೆ ಸರಿ ಮಾಡಿ ಬರೀಬೇಕು ಅಂತ, ಮತ್ತ ಮೊದಲಿಂದ ಅಳೀತಾರ. ಪುಸ್ತಕದಾಗಿನ ಯಾವ ಟೇಬಲ್ಲೂ ಇದನ್ನ ಕಲಿಸೂದಿಲ್ಲ. (ಮಾಡೂ ಮಾಸ್ತರ್ರಿಗೆ, ಅಕ್ಕೋರಿಗೆ ಒಂದು ಮಾತು, ಬೀಜ ಉದುರದಂಗ ಗಟ್ಟಿ ಕಾಯಿ ಆರಿಸ್ರಿ, ಮುಗದ ಕೂಡ್ಲೇ ಸೋಪ್ ಹಚ್ಚಿ ಕೈ ತೊಳಸ್ರಿ, ಅಲ್ಲೀತನಕ ಯಾರೂ ಕಣ್ಣು ಮುಟ್ಟಬಾರ್ದು. ಸೀನು ಮಾತ್ರ ತಪ್ಪಿದ್ದಲ್ಲ.)

ಎಲ್ಲಾ ಗುಂಪಿನ ಅಳತಿ ಬೋರ್ಡಿನ ಮ್ಯಾಲ ಕೂಡಿಸಿ ಹಿಸ್ಟೋಗ್ರಾಮ್ (ಯಾವ ಉದ್ದದ್ದು ಎಷ್ಟು ಅಂತ ತೋರಸೂ ಕಂಬದ ನಕ್ಷೆ) ಹಾಕಿದಾಗ ಖರೇ ಮಜಾ ಬರ್ತೈತಿ. ಒಂದು ಗುಡ್ಡದ ಬದಲಿ ಎರಡು ಗುಡ್ಡ ನಿಂತಿರ್ತಾವು, ಒಂದು 9 ಸೆಂಟಿಮೀಟರಿನ ಆಸುಪಾಸು, ಒಂದು 14ರ ಆಸುಪಾಸು, ನಡುವ ತಗ್ಗು. ಸರಾಸರಿ ತಗದ್ರ ಸರಿಯಾಗಿ ಆ ತಗ್ಗಿನ್ಯಾಗ ಬಂದು ಬೀಳ್ತೈತಿ. "ಅಕ್ಕೋರ, ಇಷ್ಟುದ್ದದ ಕಾಯಿ ನಮ್ಮ ಕಡೆ ಒಂದೂ ಇಲ್ರೀ" ಅಂತ ಹಿಂದಿನ ಬೆಂಚಿನಿಂದ ದನಿ ಬಂತು. ಇಡೀ ಪಾಠದಾಗ ನಾ ಕಾಯೂದು ಆ ಮಾತಿಗೆ. ಯಾವ ಕಾಯಿನೂ ಇರದ ಉದ್ದ ಹ್ಯಾಂಗ ಎಲ್ಲಾ ಕಾಯಿ ಪರವಾಗಿ ಮಾತಾಡ್ತೈತಿ? ಆಗ ಯಾರೋ ಒಬ್ರು ಕಾಯಿನ ಮತ್ತ ನೋಡ್ತಾರ, ಇವು ಗಿಡ್ಡ ದಪ್ಪ, ಇವು ಉದ್ದ ತೆಳ್ಳಗ, ಎರಡು ಜಾತಿ ಕಲಸ್ಯಾರ ಅಂತ ಕಂಡುಹಿಡೀತಾರ. ಪುಸ್ತಕದಾಗಿನ 3 ಮಧ್ಯಾಂಕ = ಬಹುಲಕ + 2 ಸರಾಸರಿ ಅನ್ನೂ ಸಂಬಂಧಾನೂ (ಮಧ್ಯಾಂಕ ಅಂದ್ರ ಸಾಲಾಗಿ ಇಟ್ಟಾಗ ನಡುವ ಬರೂದು, ಬಹುಲಕ ಅಂದ್ರ ಎಲ್ಲಾಕ್ಕಿಂತ ಹೆಚ್ಚು ಸಲ ಬರೂದು) ಇಲ್ಲಿ ಹಚ್ಚಿ ನೋಡಸ್ತೀನಿ, ಹೊಂದೂದಿಲ್ಲ. ಅದು ಒಂದ ಗುಡ್ಡ ಇರೂ, ಆ ಕಡೆ ಈ ಕಡೆ ಸ್ವಲ್ಪ ವಾಲಿರೂ ಡಾಟಾಕ್ಕ ಅಂದಾಜಾಗಿ ಹೊಂದೂ ಸಂಬಂಧ, ಎಲ್ಲಾ ಕಡೆ ನಡಿಯೂ ನಿಯಮ ಅಲ್ಲ. ಇದನ್ನ ಬಾಯಿಲೆ ಹೇಳಿದ್ರ ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗ್ತೈತಿ, ತಾವ ಅಳದ ಕಾಯಿಯಿಂದ ಬಂದ್ರ ಮರಿಯೂದಿಲ್ಲ.

ಬ್ಯಾಡಗಿ ಪ್ಯಾಟಿ ಕಂಡ ಮಕ್ಕಳು ಇನ್ನೂ ಒಂದು ತಕರಾರು ತಗೀತಾರ. ಖರೀದಿ ಮಾಡಾವ್ರು ಉದ್ದಕ್ಕಿಂತ ಮೊದಲ ಬಣ್ಣ ನೋಡ್ತಾರಲ್ರೀ, ನಾವ್ಯಾಕ ಉದ್ದ ಅಳದ್ವಿ? ಛಲೋ ಪ್ರಶ್ನೆ. 2011ರಾಗ ಜಿಐ ಟ್ಯಾಗ್ (ಇದು ಈ ಸೀಮಿದ ಅನ್ನೂ ಸರಕಾರಿ ಗುರುತು) ಸಿಕ್ಕ ಈ ಕಾಯಿಯ ಹೆಸರು ನಿಂತಿರೂದ ಕೆಂಪು ಬಣ್ಣ ಮತ್ತ ಕಡಿಮಿ ಖಾರದ ಮ್ಯಾಲ. ಅಳಿಯಾಕ ಸುಲಭ ಇದ್ದದ್ದನ್ನ ಅಳೀತೀವಿ, ಬೇಕಾದದ್ದನ್ನ ಬಿಡ್ತೀವಿ, ಇದು ದೊಡ್ಡ ದೊಡ್ಡ ಸರ್ವೇದಾಗೂ ಇರೂ ಹಳೇ ರೋಗ.

ಇನ್ನೊಂದು ಆಟ, ನಾಣ್ಯದ್ದು, ಬೇಗ ಹೇಳಿ ಮುಗಸ್ತೀನಿ. ಅರ್ಧ ಕ್ಲಾಸು ಖರೇನ 100 ಸಲ ರೂಪಾಯಿ ಹಾರಿಸಿ ಹೆಡ್ ಟೇಲ್ ಬರೀಬೇಕು, ಅರ್ಧ ಕ್ಲಾಸು ಹಾರಿಸದ ಮನಸಿನ್ಯಾಗ ಕಟ್ಟಿ ಬರೀಬೇಕು, ನಾ ಹೊರಗ ನಿಂತಿರ್ತೀನಿ. ಒಳಗ ಬಂದು ಯಾವ ಹಾಳಿ ಖರೇ, ಯಾವುದು ಸುಳ್ಳ ಅಂತ ಹೇಳ್ತೀನಿ, ಬಹುತೇಕ ಹೇಳಾಕ ಬರ್ತೈತಿ. ಗುಟ್ಟು ಇಷ್ಟ, 100 ಸಲ ಹಾರಿಸಿದ್ರ ಸತತ 6 ಸಲ ಅಥವಾ ಅದಕ್ಕಿಂತ ಹೆಚ್ಚು ಒಂದ ಮುಖ ಬೀಳೂ ಸಂಭವ ಸುಮಾರು 80%. ಮನಸಿನಿಂದ ಬರಿಯಾವ್ರು ನಾಲ್ಕು ಹೆಡ್ ಆದ ಕೂಡ್ಲೇ ಅಂಜಿ ಟೇಲ್ ಬರೀತಾರ.

ನನಗ ಎಲ್ಲಾಕ್ಕಿಂತ ಪ್ರೀತಿ ಇರೂದು ಅಲಸಂದಿ ಕಾಳಿನ ಆಟದ ಮ್ಯಾಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ ನಮ್ಮ ಮಕ್ಕಳಿಗೆ ಗೊತ್ತಿರೂ ಕೆರಿ, ಚಳಿಗಾಲಕ್ಕ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬಂದು ಇಳೀತಾವು, 2024ರಾಗ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರೇತಿ. ಅಷ್ಟು ಹಕ್ಕಿ ಹ್ಯಾಂಗ ಎಣಸ್ತಾರ್ರೀ, ಹಾರಿ ಹೋಗ್ತಾವಲ್ಲ ಅಂತ ಒಬ್ಬ ಕೇಳಿದ್ದ. ಕೆರಿ ದಂಡಿಗೆ ನಿಂತು ಕಣ್ಣಿಲೆ, ದುರ್ಬೀನಿಲೆ ಗುಂಪು ಗುಂಪು ಎಣಸೂದು ಒಂದು ದಾರಿ. ಇನ್ನೊಂದು ದಾರಿನ ನಾವು ಸ್ಟೀಲ್ ಡಬ್ಬಿಯಾಗ ಮಾಡ್ತೀವಿ. ಡಬ್ಬಿ ಕೆರಿ, ಕಾಳು ಹಕ್ಕಿ, ಎಷ್ಟದಾವ ಅಂತ ಯಾರಿಗೂ ಗೊತ್ತಿಲ್ಲ. 40 ಕಾಳು ತಗದು ಮಾರ್ಕರಿಲೆ ಚುಕ್ಕಿ ಇಟ್ಟು ವಾಪಸ್ ಹಾಕಿ, ಅಲ್ಲಾಡಿಸಿ, ಕಣ್ಣು ಮುಚ್ಚಿ 50 ಕಾಳು ತಗೀಬೇಕು. ಅದ್ರಾಗ 5 ಚುಕ್ಕಿ ಕಾಳು ಬಂದ್ವು ಅಂದ್ರ ಹತ್ತರಾಗ ಒಂದು ಚುಕ್ಕಿದು, ಹಂಗಾರ 40 ಚುಕ್ಕಿ ಕಾಳು ಇರೂ ಡಬ್ಬಿಯಾಗ ಒಟ್ಟು 400. ಸೂತ್ರ ನಾ ಬರಿಯೂದ ಬ್ಯಾಡ, ಅನುಪಾತ ಬರೂ ಯಾರಾದ್ರೂ ಇದನ್ನ ತಾವ ಹೇಳ್ತಾರ. ಡೆನ್ಮಾರ್ಕಿನ ಪೀಟರ್ಸನ್ ಅನ್ನಾವ್ರು 19ನೇ ಶತಮಾನದ ಕೊನಿಗೆ ಮೀನಿಗೆ, ಅಮೆರಿಕದ ಲಿಂಕನ್ ಅನ್ನಾವ್ರು 1930ರಾಗ ಬಾತುಕೋಳಿಗೆ ಇದನ್ನ ಹಚ್ಚಿದ್ರು.

ಎಲ್ಲಾ ಗುಂಪಿಗೂ ಅಷ್ಟಷ್ಟ ಕಾಳು ಕೊಟ್ಟಿದ್ರೂ ಒಬ್ರಿಗೆ 4 ಚುಕ್ಕಿ ಬಂದು 500 ಆಗ್ತೈತಿ, ಇನ್ನೊಬ್ರಿಗೆ 7 ಬಂದು 286. ಯಾರ್ದು ತಪ್ಪು ಅಂತ ಕೇಳ್ತಾರ, ಯಾರ್ದೂ ಅಲ್ಲ, ನಮೂನಿ (ಸ್ಯಾಂಪಲ್) ಅಂದ್ರ ಇಷ್ಟು ಅಲ್ಲಾಡೂದ ಅಂತ ಹೇಳ್ತೀನಿ. ಆದ್ರ ಒಂದು ಗುಂಪಿಗೆ 14 ಬಂದು ಬರೇ 143 ಅಂತ ಉತ್ತರ ಬಂತು, ಅವ್ರು ಡಬ್ಬಿ ಸರಿಯಾಗಿ ಅಲ್ಲಾಡಿಸಿರಲಿಲ್ಲ, ಚುಕ್ಕಿ ಕಾಳೆಲ್ಲಾ ಮ್ಯಾಲ ಕೂತಿದ್ವು. ಎರಡು ಥರದ ತಪ್ಪು ಅಲ್ಲೇ ಬ್ಯಾರೆ ಬ್ಯಾರೆ ಕಾಣ್ತಾವು, ಒಂದು ಅದೃಷ್ಟದ್ದು, ಇನ್ನೊಂದು ಕೆಲಸದ್ದು. ಮೊದಲಿಂದು ದೊಡ್ಡ ನಮೂನಿ ತಗೊಂಡ್ರ ಕಡಿಮಿ ಆಗ್ತೈತಿ, ಎರಡನೇದು ಎಷ್ಟು ದೊಡ್ಡ ನಮೂನಿ ತಗೊಂಡ್ರೂ ತಾನಾಗಿ ಹೋಗೂದಿಲ್ಲ.

ಈ ಅಂದಾಜು ಇದಕ್ಕಿಂತ ನಿಖರ ಆಗಾಕ ಸಾಧ್ಯನ ಇಲ್ಲ ಅನ್ನೂ ಮಿತಿ ಐತೇನು ಅಂತ ಯಾರಾದ್ರೂ ಕೇಳಿದ್ರ ನಾ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹೆಸರು ಹೇಳ್ತೀನಿ. 1945ರಾಗ ಅಂಥಾ ಮಿತಿ ತೋರಿಸಿ ಕೊಟ್ಟಾವ್ರು, ಕ್ರಾಮರ್-ರಾವ್ ಮಿತಿ ಅಂತ ಅದರಾಗ ಅವರ ಹೆಸರು ಉಳದೈತಿ, 2023ರಾಗ ಸಂಖ್ಯಾಶಾಸ್ತ್ರದ ಇಂಟರ್‌ನ್ಯಾಷನಲ್ ಪ್ರೈಜ್ ಬಂತು. ಹುಟ್ಟಿದ್ದು 1920ರಾಗ ಹೂವಿನ ಹಡಗಲಿಯೊಳಗ. ಮುಂಡರಗಿ ಕಡೆ ಮಕ್ಕಳಿಗೆ ಅದು ತುಂಗಭದ್ರಾ ದಾಟಿದ್ರ ಸಿಗೂ ಊರು, ಬೀಗರು ಬಿಜ್ಜರು ಇರೂ ಊರು. ಅದನ್ನ ಕೇಳಿದಾಗ ಅವರ ಮಾರಿ ನೋಡ್ಬೇಕು!

ಪೋರ್ಷನ್ ಮುಗಿಯೂದಿಲ್ಲ ಅಂತ ಭಾಳ ಮಂದಿ ಅಂತಾರ. ಮೆಣಸಿನಕಾಯಿಗೆ ಎರಡು ಪೀರಿಯಡ್, ಕಾಳಿಗೆ ಒಂದು. ಆಮ್ಯಾಲ ಅದೇ ಡಾಟಾ ಇಟ್ಕೊಂಡ ವರ್ಗಾಂತರ, ಸಂಚಿತ ಆವೃತ್ತಿ, ಓಜೀವ್ ಎಲ್ಲಾ ಮಾಡ್ತೀವಿ, ಲೆಕ್ಕ ಓಡ್ತಾವು.

ಈಗ ಒಂದು ಗುಂಪು ಬ್ಯಾರೆ ಪ್ರಶ್ನೆ ಹಿಡ್ಕೊಂಡು ಕೂತೈತಿ. ಚುಕ್ಕಿ ಇಟ್ಟ ಮ್ಯಾಲ ಹೊಸ ಹಕ್ಕಿ ಬಂದು ಇಳಿದ್ರ? ಇದ್ದದ್ರಾಗ ಕೆಲವು ಹಾರಿ ಹೋದ್ರ? ಡಬ್ಬಿಯಾಗ ನಡುವ ಒಂದು ಹಿಡಿ ಹೊಸ ಕಾಳು ಹಾಕಿ ನೋಡಿದ್ರು, ಲೆಕ್ಕ ಆಮ್ಯಾಲಿನ ಒಟ್ಟು ಸಂಖ್ಯೆ ಕಡೆ ಹೋತು. ಹೊಸದು ಹಾಕದ ಕಣ್ಣು ಮುಚ್ಚಿ ಒಂದು ಹಿಡಿ ಹೊರಗ ತಗದು ನೋಡಿದ್ರು, ಚುಕ್ಕಿದೂ ಚುಕ್ಕಿ ಇಲ್ಲದ್ದೂ ಕಲಸೇ ಹೋಗಿದ್ದಕ್ಕ ಲೆಕ್ಕ ಮೊದಲಿನ ಸಂಖ್ಯೆ ಹತ್ರಾನ ನಿಂತ್ತು. ಎರಡೂ ಕೂಡೇ ಮಾಡಿದ್ರ ಏನಾಗ್ತೈತಿ ಅನ್ನೂದನ್ನ ಮುಂದಿನ ವಾರ ಮಾಡ್ತಾರ, ಕಾಳು ಇನ್ನೂ ಒಂದು ಕಿಲೋ ಬೇಕಂತ.