ನದಿಯ ಅಗಲದ ದೇಶ

ಮಗಳ ಭೂಗೋಳದ ಮನೆಗೆಲಸಕ್ಕೆಂದು ಅಟ್ಲಾಸ್ ತೆರೆದವನು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಬಳಿ ನಿಂತುಬಿಟ್ಟೆ. ಸೆನೆಗಲ್‌ನ ಹೊಟ್ಟೆಯೊಳಗೆ ತೂರಿಕೊಂಡ ಎರೆಹುಳುವಿನಂಥ ದೇಶ! ಒಂದು ನದಿ, ಅದರ ಎರಡು ದಡ, ಅಷ್ಟೇ. ಎಷ್ಟು ಅಗಲವೆಂದರೂ 50 ಕಿ.ಮೀ. ದಾಟುವುದಿಲ್ಲ.

ನದಿ ಬ್ರಿಟಿಷರ ಕೈಯಲ್ಲಿತ್ತು, ಸುತ್ತಲಿನ ನೆಲದ ಮೇಲೆ ಫ್ರೆಂಚರ ಕಣ್ಣಿತ್ತು. 1889ರಲ್ಲಿ ಪ್ಯಾರಿಸ್‌ನಲ್ಲಿ ಕುಳಿತು ಹಂಚಿಕೊಂಡರು. ಮಂಡಿಂಕಾ, ಫುಲಾ, ವೊಲೊಫ್ ಜನರನ್ನು ಯಾರು ಕೇಳಬೇಕು? ಅವರು ಗೆರೆಯ ಎರಡೂ ಕಡೆ ಉಳಿದರು. ಒಂದೇ ಮನೆತನದ ಹೆಸರು ಇತ್ತ ಇಂಗ್ಲಿಷ್ ಕಾಗದಪತ್ರಗಳಲ್ಲಿ ಜಾಲೋ, ಅತ್ತ ಫ್ರೆಂಚಿನಲ್ಲಿ ಡಿಯಾಲೊ. ನನ್ನನ್ನು ಕಾಡಿದ್ದು ಇದೇ. ಅಣ್ಣತಮ್ಮಂದಿರ ಹೆಸರಿನ ಅಕ್ಷರವನ್ನೂ ಬೇರೆಯವರು ತೀರ್ಮಾನಿಸಿದರಲ್ಲ!

1965ರಲ್ಲಿ ಗ್ಯಾಂಬಿಯಾಕ್ಕೆ ಸ್ವಾತಂತ್ರ್ಯ ಬಂತು. 1982ರಲ್ಲಿ ಎರಡೂ ದೇಶಗಳು ಸೆನೆಗ್ಯಾಂಬಿಯಾ ಎಂಬ ಒಕ್ಕೂಟ ಕಟ್ಟಿಕೊಂಡವು. 1989ಕ್ಕೆ ಅದು ಮುರಿದುಬಿತ್ತು. ಫರಾಫೆನ್ನಿಯ ಬಳಿ ನದಿಗೆ ಸೇತುವೆಯಾಗಲು 2019 ಬರಬೇಕಾಯಿತು. ಅಲ್ಲಿಯವರೆಗೆ ಲಾರಿಗಳು ದೋಣಿಗಾಗಿ ಸಾಲುಗಟ್ಟಿ ಕಾಯುತ್ತಿದ್ದವು. ಎರಡೂ ದಡದವರ ಅಡುಗೆಮನೆಯಲ್ಲಿ ಮಾತ್ರ ಶೇಂಗಾ ಅರೆದ ಗೊಜ್ಜು ಎಂದಿನಂತೆ ಕುದಿಯುತ್ತಲೇ ಇತ್ತು.

"ಅಪ್ಪಾ, ಇಷ್ಟು ಸಣ್ಣದಕ್ಕೆ ಬಣ್ಣ ತುಂಬುವುದು ಹೇಗೆ?" ಎಂದಳು ಮಗಳು. ಪೆನ್ಸಿಲ್ ಇನ್ನಷ್ಟು ಚೂಪು ಮಾಡಿ ಕೊಟ್ಟೆ. ಆದರೂ ಬಣ್ಣ ಸೆನೆಗಲ್‌ಗೆ ದಾಟಿತು.