ಸಾಲಿಗ್ರಾಮದ ಕಾಂಡ್ಲಾ ಕಾಡಿಗೆ ಕಾರ್ಬನ್ ಪ್ಯಾಡಲ್ ಒಯ್ಯುವವರಿಗೆ

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ಎಂಬ ಸಣ್ಣ ದೋಣಿ ನಡೆಸಲು ನಿಮ್ಮದೇ ಕಾರ್ಬನ್ ಫೈಬರ್ ಪ್ಯಾಡಲ್, ಅಂದರೆ ಎರಡೂ ತುದಿಗೆ ನೀರು ತಳ್ಳುವ ಚಪ್ಪಟೆ ಎಲೆ ಇರುವ ಹುಟ್ಟು, ಒಯ್ಯುತ್ತೀರಾ? ಬಿಚ್ಚಿ ಜೋಡಿಸುವ ಎರಡು ತುಂಡಿನದಾದರೆ ರಾತ್ರಿ ಬಸ್ಸಿಗೆ ತರಲೇಬೇಡಿ. ಬೆಂಗಳೂರಿನಿಂದ ಕುಂದಾಪುರದ ಸ್ಲೀಪರ್ ಹತ್ತುವಾಗ ಕ್ಲೀನರ್ ನಮ್ಮ ಉದ್ದ ಚೀಲ ನೋಡಿ ಮುನ್ನೂರು ರೂಪಾಯಿ ಲಗೇಜ್ ಕೇಳಿದ. ರಸೀದಿ ಇಲ್ಲ. ದುಡ್ಡು ಇಸ್ಕೊಂಡು ಡಿಕ್ಕಿಯಲ್ಲಿ ಅದರ ಮೇಲೇ ಯಾರದ್ದೋ ಹಳೇ ಫ್ರಿಜ್ ಮಲಗಿಸಿದ! ಕಾರ್ಬನ್ ಅಲ್ಯೂಮಿನಿಯಂ ಹಾಗೆ ಬಗ್ಗಲ್ಲ, ಒಂದೇ ಕಡೆ ಭಾರ ಬಿದ್ದರೆ ಸೀಳುತ್ತದೆ. ಜಗಳ ಮಾಡಿ ತೆಗೆಸಿ ಬರ್ತ್‌ನಲ್ಲೇ ತಬ್ಬಿಕೊಂಡು ಬಂದದ್ದಾಯಿತು. ನಾಲ್ಕು ತುಂಡಿನದು ಬೆನ್ನಿನ ಚೀಲದಲ್ಲೇ ಹಿಡಿಯುತ್ತದೆ, ಸ್ವಲ್ಪ ಜಾಸ್ತಿ ತೂಕ ಇದ್ದರೂ ಅದೇ ವಾಸಿ.

ಇಷ್ಟೆಲ್ಲಾ ಯಾಕೆ, ಅಲ್ಲೇ ಬಾಡಿಗೆ ದೋಣಿ ಜೊತೆ ಕೊಡೋ ಪ್ಯಾಡಲ್ ಸಾಲದಾ? ಒಂದು ಗಂಟೆಗೆ ಧಾರಾಳ ಸಾಕು. ಆದರೆ ಸೀತಾ ನದಿಯಲ್ಲಿ ಅರ್ಧ ದಿನ ತಿರುಗುವುದಾದರೆ ಲೆಕ್ಕ ಬೇರೆ. ನಿಮಿಷಕ್ಕೆ ಐವತ್ತು ಸಲ ಎಳೆದರೂ ಗಂಟೆಗೆ ಮೂರು ಸಾವಿರ ಸಲ ಆಯಿತು. ಬಾಡಿಗೆ ಪ್ಯಾಡಲ್ ಒಂದು ಕಿಲೋ ದಾಟುತ್ತದೆ, ಒಳ್ಳೆ ಕಾರ್ಬನ್ನಿನದು 700 ಗ್ರಾಂ ಆಸುಪಾಸು. ಆ ವ್ಯತ್ಯಾಸ ಮಧ್ಯಾಹ್ನದ ಹೊತ್ತಿಗೆ ಭುಜಕ್ಕೆ ಗೊತ್ತಾಗುತ್ತದೆ.

ತೂಕ ನೋಡಿ ಉದ್ದ ಮರೆಯಬೇಡಿ. ಬಾಡಿಗೆಗೆ ಸಿಗುವ ದೋಣಿಗಳು ಅಗಲ, ಅದಕ್ಕೆ 230 ಅಥವಾ 240 ಸೆಂಟಿಮೀಟರ್ ಬೇಕು. ಕಿರಿದಾದ ದೋಣಿಗೆ ಅಂತ ಮಾಡಿದ 210ರದ್ದು ತಂದರೆ ಪ್ರತಿ ಸಲ ಪಕ್ಕಕ್ಕೆ ವಾಲಬೇಕು, ಗೆಣ್ಣು ದೋಣಿಗೆ ತರಚುತ್ತದೆ, ನೀರೆಲ್ಲಾ ತೊಡೆ ಮೇಲೆ. ಎಲೆ ಕಿರಿದಾಗಿ, ಉದ್ದಕ್ಕೆ ಇರಲಿ. ದೊಡ್ಡ ಎಲೆ ವೇಗ ಕೊಡುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ, ಆದರೆ ರೂಢಿ ಇಲ್ಲದ ಭುಜಕ್ಕೆ ಅದು ಶಿಕ್ಷೆ. ಎರಡೂ ಎಲೆ ಒಂದೇ ನೇರಕ್ಕೆ ಬರುವಂತೆ ಜೋಡಿಸಿ, ಇಲ್ಲದಿದ್ದರೆ ಮಣಿಕಟ್ಟು ತಿರುಚುತ್ತಾ ಕೂರಬೇಕು. ಎದುರುಗಾಳಿ ಜೋರಾದರೆ ಮಾತ್ರ ಸ್ವಲ್ಪ ಕೋನ ಕೊಡಿ. ಬಿಗಿಯಾಗಿ ಹಿಡಿಯುವುದೇ ಅಂಗೈಯ ಬೊಬ್ಬೆಗೆ ಕಾರಣ. ಬೆರಳು ಸಡಿಲ ಬಿಟ್ಟು, ತೋಳಿನಿಂದಲ್ಲ, ಸೊಂಟದ ಮೇಲಿನ ಮೈ ತಿರುಗಿಸಿ ಎಳೆಯಿರಿ. ಎಲೆ ಪಾದದ ಹತ್ತಿರ ನೀರಿಗಿಳಿದು ಸೊಂಟದ ಹತ್ತಿರ ಮೇಲೆ ಬಂದರೆ ಸಾಕು.

ಇಳಿತ ಇದ್ದಾಗ ಕಾಂಡ್ಲಾ ಬೇರುಗಳ ನಡುವಿನ ಓಣಿಗಳಲ್ಲಿ ದೋಣಿ ಕೆಸರಿಗೆ ಕೂರುತ್ತದೆ. ಆಗ ಕಾರ್ಬನ್ ಪ್ಯಾಡಲ್ ಊರಿ ಮೀಟಬೇಡಿ, ಬೇರು ಹಿಡಿದು ಎಳೆದುಕೊಳ್ಳಿ. ಸಮುದ್ರದ ಉಬ್ಬರದ ಸಮಯ ಮೊದಲೇ ನೋಡಿಕೊಂಡರೆ ಈ ರಗಳೆಯೇ ಇಲ್ಲ. ಸ್ವಂತ ಪ್ಯಾಡಲ್ ಬಳಸಲು ಬಿಡುತ್ತಾರಾ ಅಂತಲೂ ದೋಣಿ ಬಾಡಿಗೆ ಕೊಡುವವರನ್ನು ಫೋನಿನಲ್ಲೇ ಕೇಳಿ. ಭಾನುವಾರ ಬೇಡ. ಸ್ಪೀಕರ್ ಹೊತ್ತು ಬರುವ ಗುಂಪುಗಳನ್ನು ನನಗೆ ಸಹಿಸಲು ಆಗಲಿಲ್ಲ.

ಕೋಟದ ಕಡೆ ಹೆದ್ದಾರಿ ಪಕ್ಕದ ಒಂದು ಸಣ್ಣ ಹೋಟೆಲ್‌ನ ಊಟವೇ ಈ ಪ್ರವಾಸದ ಅಸಲಿ ಲಾಭ. ಕುಚಲಕ್ಕಿ ಅನ್ನ, ಬಂಗುಡೆ ಸಾರು, ಎದುರಲ್ಲೇ ಕಾವಲಿ ಮೇಲೆ ಕಾಯುವ ಮೀನು. ಸಾರು ಎರಡನೇ ಸಲ ಕೇಳುವ ಮೊದಲೇ ಅಮ್ಮ ಬಡಿಸಿದರು, ಬಿಲ್ಲು ಬಸ್ಸಿನವನ ಲಗೇಜಿಗಿಂತ ಕಮ್ಮಿ. ತಿನ್ನಲು ಕೂರುವ ಮುಂಚೆ ಅವರ ನಲ್ಲಿಯಲ್ಲೇ ಪ್ಯಾಡಲ್‌ನ ಉಪ್ಪು ತೊಳೆದು, ತುಂಡುಗಳನ್ನು ಬಿಡಿಸಿಡಿ. ಜೋಡಣೆಯೊಳಗೆ ಮರಳು, ಉಪ್ಪು ಕೂತರೆ ಆಮೇಲೆ ಇಬ್ಬರು ಎಳೆದರೂ ಬಿಡಲ್ಲ.